ಬೆಂಕಿ ನಂದಿಸುವ ಸಾಧನವೇ ಕೈಕೊಟ್ಟರೆ
ಬಸ್ಸಿನ ಎಂಜಿನ್ ಹಿಂಬದಿಯಲ್ಲಿದ್ದರೆ, ಅಲ್ಲಿ ಹೊತ್ತಿದ ಬೆಂಕಿ ಚಾಲಕನಿಗೆ ಗೊತ್ತಾಗುವುದೇ ತಡವಾಗಿ. ಅದಕ್ಕೇ ಶಾಖ ತಾಗಿದೊಡನೆ ತಾನಾಗಿ ಬೆಂಕಿ ನಂದಿಸುವ ಸಾಧನವನ್ನು ಎಂಜಿನ್ ಪಕ್ಕದಲ್ಲೇ ಕೂರಿಸುತ್ತಾರೆ. ಅದರ ಸಿಲಿಂಡರಿನ ಒತ್ತಡ ಸದ್ದಿಲ್ಲದೆ ಸೋರಿಹೋಗಿದ್ದರೆ? ಬಸ್ಸು ಎಂದಿನಂತೆ ಓಡುತ್ತದೆ, ಸ್ಲೀಪರಿನಲ್ಲಿ ಜನ ನಂಬಿ ಮಲಗುತ್ತಾರೆ. ಒಂದೇ ಕಡೆ ತಯಾರಾದ ಸಿಲಿಂಡರ್ ಹಲವು ಮಾದರಿಯ ಬಸ್ಸುಗಳಿಗೆ ಹೋಗಿರಬಹುದು ಬೇರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 110ಎ ಕಲಂ ಇದನ್ನು ಸರಿಯಾಗಿಯೇ ಗ್ರಹಿಸಿದೆ: ದೋಷ ಬಿಡಿಭಾಗದಲ್ಲಿದ್ದರೆ, ಅದನ್ನು ಅಳವಡಿಸಿದ ಎಲ್ಲ ವಾಹನಗಳನ್ನೂ, ಮಾದರಿ ಯಾವುದೇ ಇರಲಿ, ವಾಪಸ್ ಕರೆಸುವಂತೆ ಕೇಂದ್ರ ಸರ್ಕಾರ ತಯಾರಕರಿಗೆ ಆದೇಶಿಸಬಹುದು. ಹಾಗೆ ಕರೆಸಿದ ಬಸ್ಸನ್ನು ಸಿಲಿಂಡರ್ ಬದಲಾಗುವ ತನಕ ಒಂದು ರಾತ್ರಿಯೂ ರಸ್ತೆಗೆ ಬಿಡಬಾರದು ಎಂಬುದು ನನ್ನ ಒತ್ತಾಯ.