ಅಭಿರುಚಿಯ ಜಾತಕ ಮತ್ತು ಹಲಸಂಗಿಯ ಬೀಸುವ ಕಲ್ಲು

ವಿಜಯಪುರ ಸೀಮೆಯಲ್ಲಿ ಕನ್ಯಾ ನೋಡುವ ಶಾಸ್ತ್ರವು ಸದ್ದಿಲ್ಲದೆ ರೂಪ ಬದಲಿಸಿದೆ. ಹಿಂದೆ ಹಿರಿಯರು ಮನೆತನ, ಬೆಡಗು, ಹೊಲದ ಎಕರೆಗಳನ್ನು ವಿಚಾರಿಸಿ ಮಾತು ಮುಗಿಸುತ್ತಿದ್ದರು. ತಲೆ ತಗ್ಗಿಸಿ ಕುಳಿತ ಕನ್ಯೆಗೆ ಹೆಸರು, ಓದು, ಅಡುಗೆಗಳ ಕುರಿತು ಒಂದೆರಡು ಪ್ರಶ್ನೆಗಳು ಬರುತ್ತಿದ್ದವು. ಇಂದು ಚಹಾ, ಚೂಡಾ ಮುಗಿದ ಮೇಲೆ ಹುಡುಗ-ಹುಡುಗಿ ಇಬ್ಬರನ್ನೇ ಸ್ವಲ್ಪ ಹೊತ್ತು ಮಾತಿಗೆ ಬಿಡುವ ಮನೆಗಳು ಹೆಚ್ಚುತ್ತಿವೆ. ಅಲ್ಲಿ ಮೊದಲು ಹೊರಡುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ: ಯಾವ ಸಿನಿಮಾ ಇಷ್ಟ? ಯಾವ ಹಾಡು ಕೇಳುತ್ತೀರಿ? ಏನಾದರೂ ಓದುವ ಹವ್ಯಾಸವಿದೆಯೆ?

ಈ ಬದಲಾವಣೆಯನ್ನು ಹಗುರವಾಗಿ ಕಾಣಬೇಕಿಲ್ಲ. ಹೊಲ-ಮನೆಗಳ ಲೆಕ್ಕದ ನಡುವೆ ಒಬ್ಬ ವ್ಯಕ್ತಿಯ ಒಳಗಿನ ಒಲವಿಗೂ ಜಾಗ ಸಿಕ್ಕಿರುವುದು ಸಣ್ಣ ಸಂಗತಿಯಲ್ಲ. ಆದರೆ ಈ ಪ್ರಶ್ನೆಗಳಿಗೆ ಸಿಗುವ ಉತ್ತರಗಳನ್ನು ಬಳಸುವ ರೀತಿ ಮಾತ್ರ ಹಳೆಯದೇ ಆಗಿದೆ. ಇಬ್ಬರ ಇಷ್ಟಗಳನ್ನು ಎದುರುಬದುರು ಇಟ್ಟು, ಎಷ್ಟು ಕೂಡಿಬಂದವು ಎಂದು ಎಣಿಸುತ್ತಾರೆ. ಕೂಡಿದರೆ ಶುಭ, ಕೂಡದಿದ್ದರೆ ಅಶುಭ. ಗ್ರಹಗಳಿದ್ದ ಮನೆಗಳಲ್ಲಿ ಈಗ ಚಿತ್ರನಟರೂ ಗಾಯಕರೂ ಕುಳಿತಿದ್ದಾರೆ. ಜಾತಕ ಜಾತಕವಾಗಿಯೇ ಉಳಿದಿದೆ. ಬಾಳಸಂಗಾತಿಯಾಗಬಹುದಾದವರೊಡನೆ ಮೆಚ್ಚಿನ ಕೃತಿಯನ್ನು ಹಂಚಿಕೊಳ್ಳುವುದೆಂದರೆ ಏನೆಂಬುದನ್ನು ಅರಿಯಲು ಈ ಎಣಿಕೆ ಸಾಲದು. ಅದಕ್ಕೆ ಭೀಮಾತೀರದ ಹಲಸಂಗಿಯನ್ನು ನೆನೆಯುವುದು ಉಚಿತ.

ಹಲಸಂಗಿ ಗೆಳೆಯರೆಂದು ಸಾಹಿತ್ಯಚರಿತ್ರೆಯಲ್ಲಿ ಹೆಸರಾದವರು ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಮೂಲೆಯ ಊರಿನಲ್ಲಿ ವಿಶ್ವವಿದ್ಯಾಲಯವಿರಲಿಲ್ಲ, ದೊಡ್ಡ ಗ್ರಂಥಾಲಯವಿರಲಿಲ್ಲ. ಗೆಳೆಯರಲ್ಲಿ ಇದ್ದದ್ದು ಓದಿದ್ದನ್ನೂ ಕೇಳಿದ್ದನ್ನೂ ಪರಸ್ಪರ ಹಂಚಿಕೊಳ್ಳುವ ಹಂಬಲ. ಮಧುರಚೆನ್ನರನ್ನು ಸೆಳೆದ ಅರವಿಂದರ ಚಿಂತನೆ ಅವರೊಬ್ಬರ ಸೊತ್ತಾಗಿ ಉಳಿಯಲಿಲ್ಲ. ಗೆಳೆಯರ ಬದುಕಿಗೂ ಹರಿಯಿತು. ಹೊರಗಿನಿಂದ ಬಂದ ಇಂಥ ವಿಚಾರಗಳಿಗೆ ಕಿವಿ ತೆರೆದಿದ್ದ ಇವರೇ ಮನೆಯೊಳಗಿನ ಬೀಸುವ ಕಲ್ಲಿನ ಹಾಡಿಗೂ ಕಿವಿಗೊಟ್ಟರು. ಅದರ ಫಲವಾಗಿ 1931ರಲ್ಲಿ 'ಗರತಿಯ ಹಾಡು', 1933ರಲ್ಲಿ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ' ಪ್ರಕಟವಾದವು. ಕನ್ನಡ ಜಾನಪದ ಅಧ್ಯಯನದ ಇತಿಹಾಸ ಈ ಮೂರು ಸಂಕಲನಗಳನ್ನು ಬಿಟ್ಟು ಮುಂದೆ ಸಾಗಲಾರದು.

ಈ ಸಂಕಲನಗಳ ಭಾಷೆ, ಛಂದಸ್ಸು, ಸಂಗ್ರಹವಿಧಾನಗಳ ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಪ್ರಸ್ತುತ ವಿಷಯಕ್ಕೆ ಬೇಕಾದದ್ದು ಆ ಹಾಡುಗಳ ಪಯಣ. ಹೆಣ್ಣುಮಗಳು ತವರಿನಿಂದ ಗಂಡನ ಮನೆಗೆ ಹೊರಟಾಗ ಸೀರೆ, ಕುಪ್ಪಸ, ಪಾತ್ರೆಗಳ ಜೊತೆಗೆ ಯಾರ ಕಣ್ಣಿಗೂ ಬೀಳದ ಒಂದು ಗಂಟನ್ನು ಒಯ್ಯುತ್ತಿದ್ದಳು. ತಾಯಿಯಿಂದ, ಅಜ್ಜಿಯಿಂದ, ಓರಗೆಯವರಿಂದ ಕಲಿತ ತ್ರಿಪದಿಗಳ ಗಂಟು ಅದು. ಬೀಗರು ಉಡುಗೊರೆಯನ್ನು ಎಣಿಸುತ್ತಿದ್ದರು. ಈ ಗಂಟನ್ನು ಬಿಚ್ಚಿ ತೋರಿಸೆಂದು ಕೇಳುವವರು ಅಪರೂಪ. ನಸುಕಿನಲ್ಲಿ ಜೋಳ ಬೀಸಲು ಕುಳಿತಾಗ ಮಾತ್ರ ಅದು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು.

ಆ ಕಲ್ಲಿನ ಎದುರುಬದುರು ಇಬ್ಬರು ಕೂಡುವುದು ರೂಢಿ. ಒಂದೇ ಗೂಟವನ್ನು ಇಬ್ಬರೂ ಹಿಡಿಯುತ್ತಾರೆ. ಒಬ್ಬಳು ಎತ್ತಿದ ಸೊಲ್ಲನ್ನು ಇನ್ನೊಬ್ಬಳು ಹಿಡಿದು ಮುಂದುವರಿಸುತ್ತಾಳೆ. ಅತ್ತಿಗೆಯ ತವರಿನ ಹಾಡನ್ನು ನಾದಿನಿ ಕಲಿಯುವುದು, ನಾದಿನಿಯ ಊರಿನ ಸೊಲ್ಲು ಅತ್ತಿಗೆಯ ಬಾಯಲ್ಲಿ ಬೇರೆ ತಿರುವು ಪಡೆಯುವುದು ಹೀಗೆ. ಇಬ್ಬರಿಗೂ ಮೊದಲೇ ಒಂದೇ ಹಾಡು ಬರುತ್ತಿರಬೇಕೆಂಬ ನಿಯಮವಿರಲಿಲ್ಲ. ಬಾರದ ಹಾಡನ್ನು ಕೇಳುವ, ಕೇಳಿ ಸೊಲ್ಲು ಹಿಡಿಯುವ ತಾಳ್ಮೆಯಿದ್ದರೆ ಸಾಕಿತ್ತು. ಕಲ್ಲು ತಿರುಗುತ್ತಿದ್ದಂತೆ ಬೇರೆ ಬೇರೆ ಮನೆಗಳ ಹಾಡು ಒಂದು ಮನೆಯ ಹಾಡಾಗುತ್ತಿತ್ತು. ಅಭಿರುಚಿಯ ಹಂಚಿಕೆಗೆ ಕನ್ನಡದ ಬದುಕು ಕೊಟ್ಟ ಉತ್ತಮ ಮಾದರಿ ಇದು.

ಈ ಬಗೆಯ ಹಂಚಿಕೆಗೆ ಇನ್ನೂ ಹಳೆಯ ನಿದರ್ಶನವೊಂದು ಹತ್ತನೆಯ ಶತಮಾನದಲ್ಲಿದೆ. ಪೊನ್ನನಿಂದ 'ಶಾಂತಿಪುರಾಣ'ವನ್ನು ಬರೆಯಿಸಿದವರು ಮಲ್ಲಪ ಮತ್ತು ಪುನ್ನಮಯ್ಯ ಸಹೋದರರು. ಆ ಮಲ್ಲಪನ ಮಗಳೇ ಅತ್ತಿಮಬ್ಬೆ. 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಕೀರ್ತಿ ಆಕೆಯದು. ಓಲೆಗರಿಯ ಮೇಲೆ ಒಂದೊಂದು ಅಕ್ಷರವನ್ನೂ ಕೈಯಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ದುಡಿಮೆಯೆಂಬುದು ಊಹೆಗೆ ಬಿಟ್ಟ ವಿಚಾರ. ಇದನ್ನು ಶಾಸ್ತ್ರದಾನವೆಂದು ವಿವರಿಸುವುದು ವಾಡಿಕೆ. ಅದು ಸರಿಯೂ ಹೌದು. ಆದರೆ ಆ ಕೃತಿ ಆಕೆಯ ತವರಿನ ಕೃತಿ, ತಂದೆ ಮತ್ತು ಚಿಕ್ಕಪ್ಪ ಆಸೆಪಟ್ಟು ಬರೆಯಿಸಿದ ಕೃತಿ ಎಂಬುದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಪತಿ ನಾಗದೇವ ತೀರಿಕೊಂಡಾಗ ಸವತಿಯೂ ತಂಗಿಯೂ ಆದ ಗುಂಡಮಬ್ಬೆ ಸಹಗಮನದ ದಾರಿ ಹಿಡಿದಳು. ಅತ್ತಿಮಬ್ಬೆ ಬದುಕುವ ದಾರಿಯನ್ನು ಆರಿಸಿಕೊಂಡಳು. ಮಗನನ್ನು ಬೆಳೆಸಿದಳು, ರನ್ನನಿಂದ 993ರಲ್ಲಿ 'ಅಜಿತಪುರಾಣ'ವನ್ನು ಬರೆಯಿಸಿದಳು, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ತವರಿನ ಒಲವನ್ನು ಎದೆಯಲ್ಲೇ ಮುಚ್ಚಿಟ್ಟುಕೊಳ್ಳದೆ ನಾಡಿನ ಒಲವಾಗಿಸಿದ ಹೆಣ್ಣುಮಗಳು ಆಕೆ. ಬೀಸುವ ಕಲ್ಲಿನ ಗರತಿಗೆ ದೊರೆಯದ ಸಂಪತ್ತು, ಅಧಿಕಾರಗಳು ಅತ್ತಿಮಬ್ಬೆಗಿದ್ದವು. ಆದರೆ ಇಬ್ಬರ ಗಂಟಿನಲ್ಲಿ ಇದ್ದದ್ದು ಒಂದೇ ಬಗೆಯ ವಸ್ತು.

ಇಷ್ಟವಾದುದನ್ನು ಹಂಚಿಕೊಂಡ ಮಾತ್ರಕ್ಕೆ ಬಾಳು ಹಸನಾಗುತ್ತದೆಯೆ? ಈ ಪ್ರಶ್ನೆಗೆ ಜನ್ನನ 'ಯಶೋಧರ ಚರಿತೆ'ಯಷ್ಟು ನಿಷ್ಠುರವಾಗಿ ಉತ್ತರಿಸಿದ ಕನ್ನಡ ಕೃತಿ ಮತ್ತೊಂದಿಲ್ಲ. 1209ರ ಈ ಕಾವ್ಯದಲ್ಲಿ ರಾಣಿ ಅಮೃತಮತಿ ಅರಮನೆಯ ಶಯ್ಯೆಯಲ್ಲಿ ಮಲಗಿರುವಾಗ ಮಾವುತನ ಹಾಡು ಕಿವಿಗೆ ಬೀಳುತ್ತದೆ. ಮುಖ ಕಾಣುವ ಮೊದಲೇ ಆಕೆ ದನಿಗೆ ಮನಸೋಲುತ್ತಾಳೆ. ನೋಡಿ ಬರಲು ಹೋದ ಸಖಿ ಅವನ ಕುರೂಪವನ್ನು ಬಣ್ಣಿಸಿದರೂ ರಾಣಿಯ ಮನಸ್ಸು ಹಿಂದೆಗೆಯುವುದಿಲ್ಲ. ಒಂದು ರಾತ್ರಿ ಬರುವುದು ತಡವಾದದ್ದಕ್ಕೆ ಆ ಇನಿದನಿಯ ಗಾಯಕನೇ ಅವಳನ್ನು ಹೊಡೆಯುತ್ತಾನೆ.

ಜನ್ನನ ಗುರಿ ಕರ್ಮದ ಸರಪಳಿಯನ್ನು, ಸಂಕಲ್ಪಹಿಂಸೆಯ ಫಲವನ್ನು ತೋರಿಸುವುದು. ಆದರೂ ಈ ಪ್ರಸಂಗದಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ಒಂದು, ಹಾಡು ಚೆನ್ನಾಗಿರುವುದು ಹಾಡುವವನ ನಡತೆಗೆ ಪ್ರಮಾಣವಲ್ಲ. ಒಳ್ಳೆಯ ಪುಸ್ತಕ ಓದಿದವರೆಲ್ಲ ಒಳ್ಳೆಯ ಗಂಡಂದಿರಾಗುವುದಿಲ್ಲವೆಂಬುದು ಲೋಕಕ್ಕೆ ಗೊತ್ತಿರುವ ಸತ್ಯವೇ. ಇನ್ನೊಂದು, ಮಾವುತ ತನ್ನ ಪಾಡಿಗೆ ತಾನು ಹಾಡಿಕೊಳ್ಳುತ್ತಿದ್ದ. ರಾಣಿ ಕದ್ದು ಕೇಳಿದಳು. ಅಲ್ಲಿ ಹಂಚಿಕೆಯೇ ನಡೆಯಲಿಲ್ಲ. ಎದುರಿಗೆ ಕುಳಿತು, ಒಬ್ಬರ ಸೊಲ್ಲನ್ನು ಇನ್ನೊಬ್ಬರು ಹಿಡಿಯುವ ಬೀಸುವ ಕಲ್ಲಿನ ಸಮಾನತೆ ಆ ನಂಟಿಗೆ ಎಂದೂ ದಕ್ಕಲಿಲ್ಲ. ಸುಂದರನೂ ಸಮರ್ಥನೂ ಆದ ಯಶೋಧರನಾದರೂ ಪಕ್ಕದಲ್ಲಿ ಮಲಗಿದವಳ ಕಿವಿ ಯಾವ ರಾಗಕ್ಕೆ ಹಾತೊರೆಯುತ್ತಿದೆ ಎಂದು ವಿಚಾರಿಸಿದಂತೆ ಕಾವ್ಯದಲ್ಲಿ ಕಾಣುವುದಿಲ್ಲ. ಮುಂದೆ ಗಿರೀಶ ಕಾರ್ನಾಡರು ಇದೇ ಕಥೆಯನ್ನು 'ಹಿಟ್ಟಿನ ಹುಂಜ' ನಾಟಕವಾಗಿಸಿದಾಗ ರಾಣಿಗೆ ಮಾತು ಸಿಕ್ಕಿತು.

ಆದ್ದರಿಂದ 'ಯಾವುದು ಇಷ್ಟ' ಎಂಬ ಪ್ರಶ್ನೆ ಅರ್ಧ ಪ್ರಶ್ನೆ. 'ಅದರಲ್ಲಿ ಕಂಡದ್ದೇನು' ಎಂಬುದು ಉಳಿದರ್ಧ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದ 'ಶರಪಂಜರ'ವನ್ನು ಇಬ್ಬರೂ ಮೆಚ್ಚಿದ್ದಾರೆಂದುಕೊಳ್ಳೋಣ. ಜಾತಕದ ಲೆಕ್ಕದಲ್ಲಿ ಅಂಕಣ ಕೂಡಿತು. ಆದರೆ ಒಬ್ಬರಿಗೆ ಅದು ಇಂಪಾದ ಹಾಡುಗಳ ಚಿತ್ರವಾಗಿರಬಹುದು. ಇನ್ನೊಬ್ಬರಿಗೆ, ಮನಸ್ಸಿನ ಕಾಯಿಲೆಯಿಂದ ಗುಣಮುಖಳಾಗಿ ಮನೆಗೆ ಮರಳಿದ ಕಾವೇರಿಯನ್ನು ಆ ಮನೆಯೇ ಮತ್ತೆ ಹುಚ್ಚಿಗೆ ನೂಕಿದ ಕಥೆಯಾಗಿರಬಹುದು. ಕಾವೇರಿಯ ಗಂಡನ ಬಗ್ಗೆ ಇಬ್ಬರೂ ಏನು ಹೇಳುತ್ತಾರೆಂಬುದನ್ನು ಕೇಳಿಸಿಕೊಂಡರೆ, ಮುಂದೊಂದು ದಿನ ತಮ್ಮದೇ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಾಗ ಇನ್ನೊಬ್ಬರು ಎಲ್ಲಿ ನಿಲ್ಲಬಹುದೆಂಬುದರ ಸುಳಿವು ಸಿಕ್ಕೀತು. ಅದೇ ಚಿತ್ರವನ್ನು ಮೆಚ್ಚದವರೂ ಈ ಪ್ರಶ್ನೆಗೆ ಮಾನವೀಯವಾದ ಉತ್ತರ ಕೊಡಬಲ್ಲರು.

ಇಲ್ಲಿ ಒಂದು ಆಕ್ಷೇಪ ಸಹಜ. ಅಭಿರುಚಿ ತೀರ ಬೇರೆಯಾದರೆ ಒಂದು ಸೂರಿನಡಿ ಬಾಳುವುದು ಕಷ್ಟವಲ್ಲವೆ? ಒಬ್ಬರಿಗೆ ಮಲ್ಲಿಕಾರ್ಜುನ ಮನ್ಸೂರರ ಗಾಯನ, ಇನ್ನೊಬ್ಬರಿಗೆ ಚಿತ್ರಗೀತೆ. ಒಬ್ಬರಿಗೆ ಓದು, ಇನ್ನೊಬ್ಬರಿಗೆ ಪುಸ್ತಕ ಕಂಡರೆ ಆಕಳಿಕೆ. ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಹಲಸಂಗಿಯ ಪರಿಸರದಲ್ಲೇ ಇದಕ್ಕೆ ಸಮಾಧಾನವಿದೆ. ಅದು ಲಾವಣಿಯ ನಾಡು. ಲಾವಣಿಕಾರ ಖಾಜಾಭಾಯಿಯ ಊರು. ಆ ಸೀಮೆಯ ಹರದೇಶಿ-ನಾಗೇಶಿ ಪಂಥಗಳಲ್ಲಿ ಒಂದು ಗಂಡಿನ ಹೆಚ್ಚಳವನ್ನು, ಇನ್ನೊಂದು ಹೆಣ್ಣಿನ ಹೆಚ್ಚಳವನ್ನು ಎತ್ತಿಹಿಡಿದು ಸವಾಲು-ಜವಾಬು ಹಾಡುತ್ತವೆ. ಎದುರಾಳಿ ಹಾಡಿದ್ದನ್ನು ಕಡೆಯ ನುಡಿಯವರೆಗೂ ಕಿವಿಗೊಟ್ಟು ಕೇಳದವನಿಗೆ ಅಲ್ಲಿ ಜವಾಬು ಕೊಡಲು ಬಾರದು. ಭಿನ್ನಮತ ಆ ಹಾಡಿಗೆ ಅಡ್ಡಿಯಾಗುವುದಿಲ್ಲ; ಭಿನ್ನಮತವಿಲ್ಲದೆ ಆ ಹಾಡೇ ಇಲ್ಲ. ಅಲ್ಲಿ ಆಟ ಕೆಡುವುದು ಒಬ್ಬರು ಕೇಳುವುದನ್ನು ನಿಲ್ಲಿಸಿದಾಗ. ಸಂಸಾರಕ್ಕೂ ಈ ಮಾತು ಅನ್ವಯಿಸುತ್ತದೆ. ದಿನವೂ ಒಂದೇ ಹಾಡನ್ನು ಕೇಳುವ ದಂಪತಿಗಳಲ್ಲಿ ಮೌನ ಬೆಳೆಯಬಹುದು; ಬೇರೆ ಬೇರೆ ಹಾಡು ಕೇಳುವವರಲ್ಲಿ ಸಂವಾದ ನೂರು ವರ್ಷ ನಡೆಯಬಹುದು.

ಕೊನೆಯದಾಗಿ, ಹಂಚಿಕೆಯ ಮಾತಿನಲ್ಲಿ ಮರೆತುಹೋಗುವ ಅಸಮತೆಯೊಂದನ್ನು ಹೇಳದೆ ಈ ಚರ್ಚೆ ಪೂರ್ಣವಾಗದು. ಮದುವೆಯ ಬಳಿಕವೂ ಗಂಡಸಿನ ಮೆಚ್ಚಿನ ಪುಸ್ತಕ ಅವನ ಕಪಾಟಿನಲ್ಲೇ ಇರುತ್ತದೆ, ಅವನ ಹಾಡು ಅವನ ಮನೆಯಲ್ಲೇ ಮೊಳಗುತ್ತದೆ. ಊರು, ಮನೆ, ಅಡುಗೆಯ ರುಚಿ, ಕೆಲವೊಮ್ಮೆ ಹೆಸರನ್ನೂ ಬದಲಿಸಿಕೊಂಡು ಬರುವವಳು ಹೆಣ್ಣು. ಸ್ನಾತಕೋತ್ತರ ತರಗತಿಯಲ್ಲಿ ಪಂಪ, ರನ್ನರನ್ನು ಉತ್ಸಾಹದಿಂದ ಓದಿದ ಎಷ್ಟೋ ವಿದ್ಯಾರ್ಥಿನಿಯರ ಪುಸ್ತಕಗಳು ತವರಿನ ಅಟ್ಟದ ಮೇಲೆ ಧೂಳು ತಿನ್ನುತ್ತಿವೆ. ಅವರನ್ನು ನೋಡಲು ಬಂದವರು 'ಓದುವ ಹವ್ಯಾಸವಿದೆಯೆ' ಎಂದು ಕೇಳಿದ್ದಿರಬಹುದು. 'ನಿನ್ನ ಪುಸ್ತಕಗಳಿಗೆ ನಮ್ಮ ಮನೆಯಲ್ಲಿ ಯಾವ ಗೂಡನ್ನು ಖಾಲಿ ಮಾಡಲಿ' ಎಂದು ಕೇಳಿದವರು ಎಷ್ಟು ಮಂದಿ? ಮೊದಲ ಪ್ರಶ್ನೆ ಪರೀಕ್ಷೆ, ಎರಡನೆಯದು ಆಮಂತ್ರಣ. ಕನ್ಯೆಯೂ ವರನನ್ನು ಇದೇ ಅಳತೆಯಿಂದ ನೋಡಬೇಕು: ತನ್ನ ಇಷ್ಟದ ಪಟ್ಟಿಯನ್ನು ಒಪ್ಪಿಸುವವನೇ, ಎದುರಿನವಳ ಪಟ್ಟಿಯಲ್ಲಿ ತನಗೆ ಗೊತ್ತಿಲ್ಲದ ಹೆಸರು ಬಂದಾಗ 'ಅದೇನು, ಹೇಳು' ಎನ್ನುವವನೇ?

ಹಲಸಂಗಿಯ ಗೆಳೆಯರ ಹಿರಿಮೆ ಇರುವುದು ಈ 'ಹೇಳು' ಎಂಬ ಒಂದು ಮಾತಿನಲ್ಲಿ. ಗಂಡಸರ ಪಾಲಿಗೆ ನಸುಕಿನ ಸದ್ದಾಗಿ ಮಾತ್ರ ಇದ್ದುದನ್ನು ಅವರು ಕಾವ್ಯವೆಂದು ಗುರುತಿಸಿದರು. ತಾವೂ ಹಾಡು ಕಟ್ಟಬಲ್ಲವರಾಗಿದ್ದೂ, 'ನನ್ನ ನಲ್ಲ'ದಂಥ ಕವಿತೆ ಬರೆಯಬಲ್ಲ ಮಧುರಚೆನ್ನರು ಆ ಗುಂಪಿನಲ್ಲಿದ್ದೂ, ಅಕ್ಷರ ಬಾರದ ಹೆಣ್ಣುಮಕ್ಕಳ ಮುಂದೆ ಲೇಖನಿ ಹಿಡಿದು ಕೇಳುಗರಾದರು. ಆದರೆ ಆ ಹಾಡುಗಳನ್ನು ಗರತಿಯರು ಮೊದಲು ಹಾಡಿದ್ದು ಸಂಗ್ರಾಹಕರಿಗಾಗಿ ಅಲ್ಲ. ಗಂಡನ ಮನೆಯಲ್ಲಿ ಆಡಲಾಗದ ಮಾತನ್ನು ಅವರು ಕಲ್ಲಿನ ಮುಂದೆ ಹಾಡಿದರು. ಅದೇ ಮನೆಯಲ್ಲಿ, ಗೋಡೆಯ ಆಚೆ, ಒಬ್ಬ ಮನುಷ್ಯ ಮಲಗಿರುತ್ತಿದ್ದ. ಅವನಿಗೆ ಆ ದನಿ ಕೇಳಿಸುತ್ತಲೂ ಇತ್ತು. ಎದ್ದು ಬಂದು, ಎದುರಿನ ಮಣೆಯ ಮೇಲೆ ಕುಳಿತು, ಗೂಟಕ್ಕೆ ತಾನೂ ಒಂದು ಕೈ ಹಚ್ಚಿ, 'ಮುಂದಿನ ಸೊಲ್ಲು ಯಾವುದು?' ಎಂದು ಅವನು ಕೇಳಬಹುದಾಗಿತ್ತು.