ಋತುಗಳು ಶ್ರುತಿ ತಪ್ಪಿದಾಗ

ಋತುಗಳಿಗೂ ಸಂಗೀತಕ್ಕೂ ಇರುವ ನಂಟು ಬಹು ಹಳೆಯದು. ಮಳೆಗಾಲಕ್ಕೆ ಮಲ್ಹಾರವನ್ನೂ ವಸಂತಕ್ಕೆ ಬಸಂತ್ ರಾಗವನ್ನೂ ಮೀಸಲಿಟ್ಟ ಪರಂಪರೆ ನಮ್ಮ ದೇಶದ್ದು. ಆದರೆ ಋತುವನ್ನು ನಾದದಲ್ಲಿ ಹಿಡಿದಿಡಬೇಕೆಂಬ ಬಯಕೆ ನಮ್ಮಲ್ಲಿ ಮಾತ್ರ ಹುಟ್ಟಿದುದಲ್ಲ. ಮುನ್ನೂರು ವರ್ಷಗಳ ಹಿಂದೆ ಇಟಲಿಯ ಸಂಗೀತಗಾರನೊಬ್ಬನೂ ಈ ಕೆಲಸಕ್ಕೆ ಕೈಹಾಕಿದನು. ಈಚಿನ ವರ್ಷಗಳಲ್ಲಿ ಅವನ ಕೃತಿಯ ಬದಿಯಲ್ಲಿಯೇ, ಭೂಮಿ ಬಿಸಿಯಾಗುತ್ತಿರುವುದನ್ನು ಕುರಿತು ಗಣಕಯಂತ್ರದ ನೆರವಿನಿಂದ ಹುಟ್ಟಿದ ಹೊಸ ಸಂಗೀತವನ್ನೂ ಇರಿಸಿ ಕೇಳಿಸುವ ಪ್ರಯೋಗಗಳು ನಡೆದಿವೆ. ಹಳೆಯದನ್ನೂ ಹೊಸದನ್ನೂ ಹೀಗೆ ಜೊತೆಗೂಡಿಸುವುದು ಉಚಿತವೆ? ಅದರಿಂದ ಪ್ರಯೋಜನವುಂಟೆ? ಈ ವಿಷಯವಾಗಿ ನನಗೆ ತೋಚಿದ ನಾಲ್ಕು ಮಾತುಗಳನ್ನು ಇಲ್ಲಿ ಹೇಳುತ್ತೇನೆ.

ಆ ಸಂಗೀತಗಾರನ ಹೆಸರು ಆಂಟೋನಿಯೊ ವಿವಾಲ್ಡಿ. 1678ರಲ್ಲಿ ವೆನಿಸ್ ನಗರದಲ್ಲಿ ಹುಟ್ಟಿದ ಈತನು 1703ರಲ್ಲಿ ಪಾದ್ರಿಯಾದನು. ತಲೆಗೂದಲು ಕೆಂಪಾಗಿದ್ದುದರಿಂದ ಜನರು ಅವನನ್ನು ‘ಕೆಂಪು ಪಾದ್ರಿ’ ಎಂದು ಕರೆಯುತ್ತಿದ್ದರು. ಅನಾಥ ಬಾಲಕಿಯರ ಆಶ್ರಯಧಾಮವೊಂದರಲ್ಲಿ ಪಿಟೀಲು ಕಲಿಸುವುದು ಅವನ ಉದ್ಯೋಗವಾಗಿತ್ತು. ಪಿಟೀಲು ನಮಗೆ ಅಪರಿಚಿತವಾದ ವಾದ್ಯವಲ್ಲ. ಯುರೋಪಿನಿಂದ ಬಂದು ಕರ್ನಾಟಕ ಸಂಗೀತಕ್ಕೆ ಒಗ್ಗಿಹೋದ ಆ ವಾದ್ಯದಿಂದಲೇ ಮೈಸೂರಿನ ಟಿ. ಚೌಡಯ್ಯನವರು ನಾಡಿಗೆ ಕೀರ್ತಿ ತಂದರು. 1725ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಅಚ್ಚಾದ ವಿವಾಲ್ಡಿಯ ಹನ್ನೆರಡು ಕೃತಿಗಳ ಸಂಪುಟದಲ್ಲಿ ಮೊದಲ ನಾಲ್ಕು ಕೃತಿಗಳೇ ‘ನಾಲ್ಕು ಋತುಗಳು’.

ಒಂದೊಂದು ಋತುವಿಗೂ ಒಂದೊಂದು ಸುನೀತವನ್ನು ಅಲ್ಲಿ ಜೋಡಿಸಲಾಗಿದೆ. ಕವಿತೆಯಲ್ಲಿ ಹೇಳಿದುದನ್ನೆಲ್ಲ ಪಿಟೀಲುಗಳು ನುಡಿದು ತೋರಿಸುತ್ತವೆ. ವಸಂತದಲ್ಲಿ ಹಕ್ಕಿಗಳು ಉಲಿಯುತ್ತವೆ, ತೊರೆ ಹರಿಯುತ್ತದೆ, ಕುರಿಗಾಹಿಯು ಮಲಗಿರುವಾಗ ಅವನ ನಾಯಿ ಬೊಗಳುತ್ತದೆ. ಗ್ರೀಷ್ಮದಲ್ಲಿ ಬಿಸಿಲಿಗೆ ಬಸವಳಿದ ಜೀವಿಗಳ ಮೇಲೆ ಗುಡುಗು ಆಲಿಕಲ್ಲುಗಳು ಎರಗುತ್ತವೆ. ಶರತ್ತಿನಲ್ಲಿ ಸುಗ್ಗಿಯ ಕುಣಿತ. ಚಳಿಗಾಲದಲ್ಲಿ ಹಲ್ಲುಗಳು ಕಟಕಟನೆ ಕಡಿಯುತ್ತವೆ. ಜನರು ಹಿಮಗಟ್ಟಿದ ನೆಲದ ಮೇಲೆ ಜಾರಿ ಬೀಳುವ ಭಯದಿಂದ ಮೆಲ್ಲಮೆಲ್ಲನೆ ಹೆಜ್ಜೆಯಿಡುತ್ತಾರೆ. ಇದು ಬರಿಯ ಕಲ್ಪನೆಯಲ್ಲ. 1709ರ ಚಳಿಗಾಲದಲ್ಲಿ ವೆನಿಸ್ಸನ್ನು ಸುತ್ತುವರಿದ ಹಿನ್ನೀರು ಹೆಪ್ಪುಗಟ್ಟಿ, ಜನರು ಅದರ ಮೇಲೆ ನಡೆದಾಡಿದರು. ಆಗ ವಿವಾಲ್ಡಿಗೆ ಮೂವತ್ತು ವರ್ಷ. ಹೀಗಾಗಿ ಈ ಕೃತಿಯು ಸಂಗೀತವಾಗಿರುವಂತೆಯೇ ಒಂದು ಕಾಲದ ಹವಾಮಾನದ ನೆನಪೂ ಆಗಿದೆ.

ಇನ್ನು ಹೊಸ ಪ್ರಯೋಗಗಳನ್ನು ನೋಡೋಣ. 2019ರ ನವೆಂಬರಿನಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ವಾದ್ಯವೃಂದವೊಂದು ವಿವಾಲ್ಡಿಯ ಈ ಕೃತಿಯನ್ನು ಬದಲಾದ ರೂಪದಲ್ಲಿ ನುಡಿಸಿತು. ವಿವಾಲ್ಡಿಯ ಕಾಲದಿಂದ ಈಚೆಗೆ ಹವಾಮಾನದಲ್ಲಿ ಉಂಟಾದ ವ್ಯತ್ಯಾಸಗಳ ಅಂಕಿಅಂಶಗಳನ್ನು ಗಣಕಯಂತ್ರದ ಮೂಲಕ ಸ್ವರಲಿಪಿಗೆ ಅನ್ವಯಿಸಲಾಗಿತ್ತು. ಹಕ್ಕಿಗಳು ಕಡಿಮೆಯಾದಂತೆ ಅವುಗಳ ಸ್ವರಗಳೂ ಕಡಿಮೆಯಾದವು. ಒಂದು ಋತುವಿನೊಳಕ್ಕೆ ಮತ್ತೊಂದು ಋತು ನುಗ್ಗಿತು. ಅದೇ ತಿಂಗಳು ವಿವಾಲ್ಡಿಯ ವೆನಿಸ್‌ನಲ್ಲಿ ಸಮುದ್ರದ ನೀರು 187 ಸೆಂಟಿಮೀಟರ್ ಎತ್ತರಕ್ಕೆ ಉಕ್ಕಿ ನಗರವನ್ನು ಮುಳುಗಿಸಿತು. 1966ರಿಂದೀಚೆಗೆ ಅಷ್ಟು ನೀರು ಅಲ್ಲಿ ಏರಿರಲಿಲ್ಲ. 2021ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಇಂತಹದೇ ಇನ್ನೊಂದು ಪ್ರಯೋಗ ನಡೆಯಿತು. ಅಲ್ಲಿ 2050ನೆಯ ಇಸವಿಯ ಹವಾಮಾನವನ್ನು ಕುರಿತ ವಿಜ್ಞಾನಿಗಳ ಅಂದಾಜೇ ಸಂಗೀತವನ್ನು ಬದಲಿಸಿತು.

ಹಳೆಯ ಕೃತಿಯ ಆಸರೆಯಿಲ್ಲದೆ ಹುಟ್ಟಿದ ರಚನೆಗಳೂ ಉಂಟು. ಅಲಾಸ್ಕದಲ್ಲಿ ಹುಟ್ಟಿದ ಮ್ಯಾಥ್ಯೂ ಬರ್ಟ್ನರ್ ಎಂಬವರು ಕರಗುವ ಹಿಮನದಿಗಳ ಸದ್ದನ್ನು ಧ್ವನಿಮುದ್ರಿಸಿಕೊಂಡು, ಅದನ್ನು ವಾದ್ಯಗಳೊಡನೆಯೂ ವಿದ್ಯುನ್ಮಾನ ಧ್ವನಿಗಳೊಡನೆಯೂ ಬೆರೆಸಿದ್ದಾರೆ. ಹಿಮದ ಪದರಗಳು ಗಟ್ಟಿಯಾಗುವಾಗ ಗಾಳಿಯ ಗುಳ್ಳೆಗಳು ಅವುಗಳೊಳಗೆ ಸೆರೆಯಾಗುತ್ತವೆ. ಹಿಮ ಕರಗಿದಾಗ ಅವು ಚಿಟಚಿಟನೆ ಒಡೆಯುತ್ತವೆ. ಅಂಟಾರ್ಕ್ಟಿಕದ ಹಿಮದಲ್ಲಿ ವಿವಾಲ್ಡಿಯ ಕಾಲದ ಗಾಳಿಯೂ ಸೆರೆಯಾಗಿದೆ. ಅದನ್ನು ಪರೀಕ್ಷಿಸಿದ ವಿಜ್ಞಾನಿಗಳು, ಆಗಿನ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಮಾತ್ರ ಇಂಗಾಲದ ಡೈಆಕ್ಸೈಡ್ ಆಗಿದ್ದವೆಂದು ತಿಳಿಸಿದ್ದಾರೆ. ಇಂದು ಆ ಸಂಖ್ಯೆ 420ನ್ನು ಮೀರಿದೆ. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಟ್ಟುದು, ಕಾಡನ್ನು ಕಡಿದುದು ಇದಕ್ಕೆ ಮುಖ್ಯ ಕಾರಣ.

ನನ್ನ ಮೊಮ್ಮಗಳು ಇಂತಹ ಹೊಸ ಸಂಗೀತವನ್ನು ಮೊದಲ ಬಾರಿಗೆ ತನ್ನ ಮೊಬೈಲಿನಲ್ಲಿ ಕೇಳಿಸಿದಾಗ ನನಗೆ ಬೇಸರವೇ ಆಯಿತೆಂದು ಒಪ್ಪಿಕೊಳ್ಳಬೇಕು. “ಇದು ಸಂಗೀತವೇನಮ್ಮ? ಮಹಾಕೃತಿಯೊಂದನ್ನು ಅಂಗಹೀನ ಮಾಡಿದ್ದಾರಲ್ಲ!” ಎಂದೆ. ಅವಳು, “ಚೆನ್ನಾಗಿಲ್ಲ ಅಲ್ಲವೆ ತಾತ? ಹಾಗಾದರೆ ಮೊದಲಿನದನ್ನು ಕೇಳಿ” ಎಂದು ಮೂಲವನ್ನು ಹಾಕಿದಳು. ಅದು ಮುಗಿದ ಮೇಲೆ ಹೊಸದನ್ನು ಮತ್ತೊಮ್ಮೆ ಕೇಳಿಸಿದಳು. ಆಗ ನನ್ನ ಕಿವಿ ತಾನಾಗಿಯೇ ಕಳೆದುಹೋದ ಸ್ವರಗಳನ್ನು ಹುಡುಕತೊಡಗಿತು. ಇಲ್ಲಿ ಹಕ್ಕಿ ಉಲಿಯಬೇಕಾಗಿತ್ತು, ಉಲಿಯಲಿಲ್ಲ. ಇಲ್ಲಿ ವಸಂತ ಮುಗಿಯಬಾರದಾಗಿತ್ತು, ಮುಗಿಯಿತು. ಬೇಸರವು ಕಳವಳವಾಯಿತು.

ಆದರೂ ನನ್ನ ಮೊದಲ ಆಕ್ಷೇಪಣೆಗಳನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅಂಕಿಗಳನ್ನು ಸ್ವರಗಳಾಗಿಸುವಾಗ ಯಾವ ಅಂಕಿಗೆ ಯಾವ ಸ್ವರವೆಂದು ಗೊತ್ತುಮಾಡುವವನು ಮನುಷ್ಯನೇ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನು 2013ರಲ್ಲಿ, 1880ರಿಂದ 2012ರವರೆಗಿನ ಭೂಮಿಯ ಉಷ್ಣತೆಯನ್ನು ವರ್ಷಕ್ಕೊಂದು ಸ್ವರದಂತೆ ಚೆಲ್ಲೊ ವಾದ್ಯದಲ್ಲಿ ನುಡಿಸಿದನು. ತಂಪಾದ ವರ್ಷಕ್ಕೆ ತಗ್ಗಿನ ಸ್ವರ, ಬಿಸಿಯಾದ ವರ್ಷಕ್ಕೆ ಎತ್ತರದ ಸ್ವರ. ಇದನ್ನು ತಿರುಗಿಸಿದ್ದರೆ ಸಂಗೀತವು ಏರುವ ಬದಲು ಇಳಿಯುತ್ತಿತ್ತು. ಉಷ್ಣತೆಯಲ್ಲಿ ಮಾತ್ರ ಏನೂ ಬದಲಾಗುತ್ತಿರಲಿಲ್ಲ. ಆದುದರಿಂದ ಇಂತಹ ಸಂಗೀತವನ್ನು ಪ್ರಮಾಣವೆಂದು ತಿಳಿಯಬಾರದು. ಪ್ರಮಾಣ ಬೇಕಾದರೆ ಉಷ್ಣಮಾಪಕವನ್ನು ಕೇಳಬೇಕು, ಮಳೆಯ ಅಳತೆಯನ್ನು ಕೇಳಬೇಕು, ಹಿಮದ ಗುಳ್ಳೆಯನ್ನು ಕೇಳಬೇಕು. ಸಂಗೀತದ ಕೆಲಸ ಬೇರೆ. ಬುದ್ಧಿಗೆ ತಿಳಿದಿದ್ದರೂ ಮನಸ್ಸಿಗೆ ತಟ್ಟದೆ ಉಳಿದ ಸತ್ಯವನ್ನು ಅದು ಮನಸ್ಸಿಗೆ ಮುಟ್ಟಿಸುತ್ತದೆ. 280 ಮತ್ತು 420 ಎಂಬ ಅಂಕಿಗಳನ್ನು ಓದಿ ಕಣ್ಣೀರಿಟ್ಟವರನ್ನು ನಾನು ಕಂಡಿಲ್ಲ.

ಸಂಗೀತ ಕಛೇರಿಯಿಂದ ಭೂಮಿ ತಂಪಾಗುವುದೆ ಎಂದು ಕೆಲವರು ಕೇಳಬಹುದು. ಆಗುವುದಿಲ್ಲ. ಕೇಳಿ, ಚಪ್ಪಾಳೆ ತಟ್ಟಿ, ನಮ್ಮ ಕರ್ತವ್ಯ ಮುಗಿಯಿತೆಂದು ಮನೆಗೆ ಹೋದರೆ ಅಂತಹ ಕಛೇರಿಯಿಂದ ಕೇಡೇ ಹೆಚ್ಚು. ಆದರೆ ಕಳೆದುಕೊಳ್ಳುತ್ತಿರುವುದು ಏನೆಂದೇ ಅರಿಯದವನು ಅದನ್ನು ಉಳಿಸಲು ಹೊರಡುವುದಿಲ್ಲ. ಹೊಸ ಸಂಗೀತವೊಂದನ್ನೇ ಕೇಳಿದವನಿಗೆ ಅದು ಗದ್ದಲವೆನಿಸೀತು. ಹಳೆಯದೊಂದನ್ನೇ ಕೇಳಿದವನಿಗೆ ಎಲ್ಲವೂ ಮೊದಲಿನಂತೆಯೇ ಇದೆಯೆಂಬ ಭ್ರಮೆ ಉಂಟಾದೀತು. ಎರಡನ್ನೂ ಒಟ್ಟಿಗೆ ಕೇಳಿದಾಗಲೇ ನಡುವಿನ ಅಂತರ ಕಿವಿಗೆ ಬೀಳುತ್ತದೆ. ಆದುದರಿಂದ ಈ ಜೋಡಣೆ ಉಚಿತವೆಂದೇ ನನ್ನ ಅಭಿಪ್ರಾಯ.

ಇದನ್ನು ಹೇಳುವಾಗ ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ವಿವಾಲ್ಡಿಯು 1741ರಲ್ಲಿ ವಿಯೆನ್ನಾ ನಗರದಲ್ಲಿ ತೀರಿಕೊಂಡನು. ಆಮೇಲೆ ಲೋಕವು ಅವನ ಸಂಗೀತವನ್ನು ಬಹುಮಟ್ಟಿಗೆ ಮರೆತೇಬಿಟ್ಟಿತು. ಆದರೆ 1920ರ ದಶಕದಲ್ಲಿ ಅವನ ಹಸ್ತಪ್ರತಿಗಳ ದೊಡ್ಡ ರಾಶಿಯೊಂದು ಇಟಲಿಯಲ್ಲಿ ದೊರೆಯಿತು. ಕಾಗದದ ಮೇಲೆ ಮಲಗಿದ್ದ ನಾದವು ಮತ್ತೆ ಎದ್ದು ಕುಳಿತಿತು. ಹ್ಯಾಂಬರ್ಗಿನ ವಾದ್ಯಗಾರರಾದರೂ ಅಷ್ಟೆ. ಬದಲಾದ ಸ್ವರಲಿಪಿಯನ್ನು ಮಡಿಚಿಟ್ಟು ಮರುದಿನವೇ ಮೂಲವನ್ನು ನುಡಿಸಬಲ್ಲರು. ಬಿಟ್ಟುಹೋದ ಹಕ್ಕಿಗಳೆಲ್ಲ ಪಿಟೀಲಿಗೆ ಮರಳುತ್ತವೆ. ಆದರೆ ಕರಗಿದ ಹಿಮನದಿಗೆ ಹಸ್ತಪ್ರತಿಯಿಲ್ಲ. ಅಳಿದುಹೋದ ಹಕ್ಕಿಯ ಕುಲವನ್ನು ಯಾವ ಗ್ರಂಥಾಲಯದಿಂದಲೂ ಎರವಲು ತರಲಾಗದು.

ಸಿಡ್ನಿಯ ಸಂಗೀತವು ಚಿತ್ರಿಸಿದ 2050ನೆಯ ಇಸವಿಯನ್ನು ನಾನು ಕಾಣಲಾರೆ. ಈ ಪಾಠವನ್ನು ಓದುತ್ತಿರುವ ನಿಮಗೆ ಆಗ ನಲವತ್ತರ ಆಸುಪಾಸು ವಯಸ್ಸಾಗಿರುತ್ತದೆ. ಆ ಸಂಗೀತವು ಒಂದು ಅಂದಾಜು ಮಾತ್ರ. ಅದು ನಿಜವಾಗಲೇಬೇಕೆಂಬ ನಿಯಮವಿಲ್ಲ. ಅದನ್ನು ಸುಳ್ಳು ಮಾಡುವ ಹೊಣೆಯಲ್ಲಿ ನನ್ನ ತಲೆಮಾರಿನ ಪಾಲು ದೊಡ್ಡದು, ನಿಮ್ಮ ಪಾಲೂ ಇದೆ. ಅದಕ್ಕೆ ಮೊದಲು ಒಂದು ಚಿಕ್ಕ ಕೆಲಸ ಮಾಡಿರಿ. ನಿಮ್ಮ ಊರಿನಲ್ಲಿ ಈ ವರ್ಷ ಮೊದಲ ಮಳೆ ಯಾವ ದಿನ ಬಿದ್ದಿತು, ಕೋಗಿಲೆ ಯಾವ ವಾರ ಕೂಗಿತು, ಮಾವು ಯಾವಾಗ ಹೂಬಿಟ್ಟಿತು ಎಂಬುದನ್ನು ಪುಸ್ತಕವೊಂದರಲ್ಲಿ ಬರೆದಿಡಿರಿ. ಅಜ್ಜ ಅಜ್ಜಿಯರ ಕಾಲದಲ್ಲಿ ಅವು ಯಾವಾಗ ಆಗುತ್ತಿದ್ದವೆಂದು ಕೇಳಿ ಅದರ ಬದಿಯಲ್ಲಿಯೇ ಬರೆಯಿರಿ. ಎರಡನ್ನೂ ಒಟ್ಟಿಗೆ ಓದಿ ನೋಡಿರಿ.