ಹಳೆಯ ತೋಟಕ್ಕೆ ಶ್ರಮದಾನ

ಮಳೆಗಾಲ ಬಂದಿತೆಂದರೆ ನಮ್ಮ ಡೊಂಬಿವಲಿಯ ಎಂ.ಐ.ಡಿ.ಸಿ. ಪ್ರದೇಶದಲ್ಲಿ ಸಸಿ ನೆಡುವ ಸಮಾರಂಭಗಳಿಗೆ ಕೊರತೆಯಿಲ್ಲ. ಗುಂಡಿ ತೋಡುವವರು ಒಬ್ಬರಾದರೆ ಭಾಷಣ ಮಾಡುವವರು ಮೂವರು. ಬೇಸಗೆಯಲ್ಲಿ ಆ ಸಸಿಗೆ ಒಂದು ತಂಬಿಗೆ ನೀರು ಹೊಯ್ಯುವವರು ಯಾರೆಂದು ಮಾತ್ರ ಯಾರೂ ಕೇಳರು. ಕಳೆದ ವರ್ಷ ನಾವು ನೆಟ್ಟ ಸಸಿಗಳೂ ಒಣಗಿದುವು, ತಪ್ಪು ನಮ್ಮದೇ. 1950ರಲ್ಲಿ ವನಮಹೋತ್ಸವವನ್ನು ಆರಂಭಿಸಿದ ಕನ್ಹಯ್ಯಾಲಾಲ್ ಮುನ್ಷಿಯವರು ಬಯಸಿದುದು ಇದನ್ನಲ್ಲವಷ್ಟೆ!

ನೆಡುವುದಕ್ಕಿಂತ ಕಾಪಾಡುವುದು ಕಷ್ಟ. ಹಾಳಾದುದನ್ನು ಮತ್ತೆ ಎತ್ತಿ ನಿಲ್ಲಿಸುವುದು ಇನ್ನೂ ಕಷ್ಟ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ಹೆಲಿಗನ್ ಎಂಬ ಜಮೀನುದಾರರ ಹಳೆಯ ಬಂಗಲೆಯ ತೋಟವಿದೆ. ಮೊದಲನೆಯ ಮಹಾಯುದ್ಧಕ್ಕೆ ಹೊರಟುಹೋದ ಅಲ್ಲಿಯ ತೋಟಗಾರರಲ್ಲಿ ಹಲವರು ಹಿಂದಿರುಗಲಿಲ್ಲ. ತೋಟವು ಮುಳ್ಳುಪೊದೆಗಳಲ್ಲಿ ಹೂತುಹೋಯಿತು. 1990ರಲ್ಲಿ ಪೊದೆಗಳನ್ನು ಕಡಿಯುತ್ತ ಒಳಹೊಕ್ಕವರಿಗೆ ಆಳುಗಳ ಶೌಚಗೃಹದ ಗೋಡೆಯ ಮೇಲೆ ಆ ತೋಟಗಾರರ ಸಹಿಗಳೂ 1914ರ ಆಗಸ್ಟ್ ಎಂಬ ಬರಹವೂ ಕಂಡುವು. ಮುಂದೆ ಸ್ವಯಂಸೇವಕರ ಕೈಯೂ ಕೂಡಿ ತೋಟವು ಮತ್ತೆ ಚಿಗುರಿತು. ಒಡೆಯರ ಹೆಸರು ಹೇಗೂ ಉಳಿಯುತ್ತದೆ. ಇಲ್ಲಿ ಕಳೆ ಕಿತ್ತವರ ಹೆಸರೂ ಉಳಿದುದು ನಮಗೆ ಹೆಚ್ಚಿನದಾಗಿ ತೋರುತ್ತದೆ.

ಅಷ್ಟು ದೂರವೇಕೆ? ಡೊಂಬಿವಲಿಯಲ್ಲಿ ಲೋಕಲ್ ಗಾಡಿ ಹತ್ತಿ ಬೈಕುಲಾದಲ್ಲಿ ಇಳಿದರೆ ರಾಣಿಬಾಗು ಹತ್ತಿರವೇ ಇದೆ. 1862ರಲ್ಲಿ ತೆರೆದ ಈ ಉದ್ಯಾನಕ್ಕೆ ಈಗ ವೀರಮಾತಾ ಜೀಜಾಬಾಯಿಯವರ ಹೆಸರು. ಇಲ್ಲಿ ಸುಮಾರು 3000 ಮರಗಳಿವೆ. 2007ರಲ್ಲಿ ಇಲ್ಲಿನ ಮೃಗಾಲಯವನ್ನು ಹೊಸದಾಗಿ ಕಟ್ಟುವ ದೊಡ್ಡ ಯೋಜನೆ ಹೊರಬಿದ್ದಾಗ, ಮರಗಳಿಗೆ ಕೇಡಾದೀತೆಂದು ಕೆಲವರು ನಾಗರಿಕರು ಒಟ್ಟುಗೂಡಿದರು. ಅವರಾರೂ ಸಂಬಳದವರಲ್ಲ. ಮರಗಳ ಪರವಾಗಿ ವಾದಿಸಿದರು. ಬಂದವರಿಗೆ ಒಂದೊಂದನ್ನೂ ತೋರಿಸಿ ಅದರ ಕಥೆ ಹೇಳಿದರು. ಹೆಸರು ತಿಳಿದ ಮರಕ್ಕೆ ಕೊಡಲಿಯೆತ್ತಲು ಕೈ ಅಳುಕುತ್ತದೆಯೆಂಬುದನ್ನು ಅವರು ಬಲ್ಲವರು.

ಮಾಲಿಗಳಿರುವಾಗ ವಿದ್ಯಾರ್ಥಿಗಳಿಗೇಕೆ ಈ ಉಸಾಬರಿ ಎಂದು ಹಿರಿಯರು ಕೇಳಬಹುದು. ಮಾಲಿಯ ಅನ್ನವನ್ನು ಕಸಿಯುವ ಶ್ರಮದಾನ ನಮಗೂ ಬೇಡ. ಅವನ ಕೈಕೆಳಗೆ ಕಲಿಯುವ ಕೆಲಸ ಬೇಕು. ಮರಗಳು ನಮ್ಮೂರಿನ ಹೊಗೆಯನ್ನು ನುಂಗಿಬಿಡುತ್ತವೆಂಬ ಭ್ರಮೆಯೂ ನಮಗಿಲ್ಲ. 2014ರಲ್ಲಿ ಇಲ್ಲಿ ಹಸಿರು ಬಣ್ಣದ ಮಳೆ ಬಿದ್ದಿತು. 2016ರಲ್ಲಿಯೂ 2024ರಲ್ಲಿಯೂ ರಾಸಾಯನಿಕ ಕಾರ್ಖಾನೆಗಳ ಸ್ಫೋಟಗಳು ಜೀವಗಳನ್ನು ಬಲಿಗೊಂಡುವು. ಅದಕ್ಕೆ ಮದ್ದು ಕಾರ್ಖಾನೆಯೊಳಗೇ ಆಗತಕ್ಕದ್ದು. ಆದರೆ ಇಂಥ ಗಾಳಿಯಲ್ಲಿ ಬೆಳೆಯುವ ಮಕ್ಕಳು ನೂರು ವರ್ಷದ ಮರವೊಂದನ್ನು ಮುಟ್ಟಿಯಾದರೂ ನೋಡಬೇಡವೆ?

ಆದುದರಿಂದ ಅಧಿಕಾರಿಗಳ ಅನುಮತಿ ಪಡೆದು, ತಿಂಗಳಿಗೊಂದು ಭಾನುವಾರ ನಮ್ಮ ಮೇಲ್ತರಗತಿಯವರು ರಾಣಿಬಾಗಿಗೆ ಹೋಗಲೆಂದು ಸೂಚಿಸುತ್ತೇವೆ. ತರಗೆಲೆ ಬಳಿಯಲಿ, ಪಾತಿ ಬಿಡಿಸಲಿ, ಮರಗಳ ಕನ್ನಡ ಹೆಸರುಗಳ ಪಟ್ಟಿ ಮಾಡಲಿ. ಸವಣೂರಿನ ದೊಡ್ಡಹುಣಸೆ ಮಠದ ಆ ದೈತ್ಯ ಮರಗಳ ಬಂಧುವೊಂದು ಅಲ್ಲಿಯೂ ಇದೆ. ಧಾರವಾಡದ ಕಡೆಯಿಂದ ಬಂದ ಮನೆಗಳ ಮಕ್ಕಳು ಮೊದಲ ದಿನ ಅದನ್ನೇ ಹುಡುಕಿ, ಅಜ್ಜಿ ಅದನ್ನು ಏನೆಂದು ಕರೆಯುತ್ತಾರೆಂದು ಕೇಳಿ ಬರೆದುಕೊಳ್ಳಲಿ.